ಕೆಂಗೇರಿಗೆ ಹೋಗಿ ತೆಂಗಿನ ಮರ ಅಳೆದದ್ದು

ಸಂಕ್ರಾಂತಿ ಕಳೆದ ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ, ಶಾಲೆಯ ಮೂರಡಿ ಮರದ ಸ್ಕೇಲು ಹಿಡಿದು ರಾಜಾಜಿನಗರದಿಂದ ಹೊರಟೆ. ಮಾರ್ಕೆಟ್ಟಿನಲ್ಲಿ ಬಸ್ಸು ಬದಲಾಯಿಸಿ, ಬಾಪೂಜಿ ನಗರ ದಾಟುವವರೆಗೂ ನಿಂತೇ ಇದ್ದೆ. ಟಿಕೆಟ್ಟು ಒಂದೂಕಾಲು ರೂಪಾಯಿ. "ಯಾರಿಗೆ ಹೊಡೆಯೋಕೆ ಸಾರ್ ಈ ಕೋಲು?" ಎಂದ ಕಂಡಕ್ಟರ್. ಇಪ್ಪತ್ತು ವರ್ಷದಿಂದ ಗಣಿತ ಹೇಳಿಕೊಡುವವನಿಗೆ ಇಂಥ ಮಾತು ಅಭ್ಯಾಸ.

ಕೆಂಗೇರಿಯಲ್ಲಿ ನನ್ನ ತಂಗಿ ಸಾವಿತ್ರಿಯ ಮನೆ. ಹಿತ್ತಲಿನ ತೆಂಗಿನ ಮರವನ್ನು ಗೃಹಪ್ರವೇಶಕ್ಕೆ ಬಂದಿದ್ದ ಅಮ್ಮ ನೆಟ್ಟದ್ದು. ಅಮ್ಮ ತೀರಿಕೊಂಡ ಮೇಲೆ ತಂಗಿಗೆ ಅದೇ ತವರು. ಚರಂಡಿ ಅಗೆದಾಗ ಬುಡದ ಮಣ್ಣು ಸಡಿಲಗೊಂಡಿತ್ತು. ಮರ ಉರುಳಿದರೆ ಮೂವತ್ತಾರು ಅಡಿ ದೂರದ ಅಡುಗೆಮನೆಗೆ ತಾಗುತ್ತದೋ ಇಲ್ಲವೋ, ಅದನ್ನು ಲೆಕ್ಕ ಹಾಕಿ ಹೇಳಲು ನನ್ನನ್ನು ಕರೆಸಿದ್ದರು. ಅವಳ ಗಂಡ ಶಿವಣ್ಣ ಮರ ಕಡಿಯುವ ಮುನಿಯಪ್ಪನಿಗೂ ಮೂರು ಗಂಟೆಗೆ ಬರಹೇಳಿದ್ದ.

ಮರ ಹತ್ತದೆಯೇ ಎತ್ತರ ತಿಳಿಯಬಹುದು. ಕೋಲು ಮತ್ತು ಅದರ ನೆರಳಿನಿಂದ ಒಂದು ಲಂಬಕೋನ ತ್ರಿಭುಜ, ಮರ ಮತ್ತು ಅದರ ನೆರಳಿನಿಂದ ಇನ್ನೊಂದು; ಚಿಕ್ಕದರ ಲೆಕ್ಕ ಸಿಕ್ಕರೆ ದೊಡ್ಡದರದ್ದೂ ಸಿಕ್ಕಿತು. ಹನ್ನೆರಡೂವರೆಗೆ ಸ್ಕೇಲು ನಿಲ್ಲಿಸಿದೆ, ನೆರಳು ಎರಡಡಿ. ಅಷ್ಟರಲ್ಲಿ ಸಾವಿತ್ರಿ, "ಅಣ್ಣ, ಮುದ್ದೆ ಆರೋಗತ್ತೆ, ಬಾ" ಎಂದು ಕರೆದಳು. ಅವರೆಕಾಳು ಸಾರು, ಎರಡು ಮುದ್ದೆ, ಆಮೇಲೆ ಚಾಪೆ. ಎದ್ದು ಬಂದು ಮರದ ನೆರಳು ಅಳೆದೆ. ಮೂವತ್ತಡಿ.

"ನೆರಳಿನ ಒಂದೂವರೆ ಪಟ್ಟು ಎತ್ತರ. ನಲವತ್ತೈದು ಅಡಿ ಆಯ್ತು. ಕಡಿಸಿಬಿಡಿ" ಎಂದೆ.

ಸಾವಿತ್ರಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದಳು. ಕಡಿಯುವುದನ್ನು ನೋಡುತ್ತಾ ನಿಲ್ಲಲು ನನಗೆ ಮನಸ್ಸಾಗಲಿಲ್ಲ. ಬಸ್ ಸ್ಟಾಪಿಗೆ ಬಂದೆ.

ಬಸ್ಸು ಬರಲಿಲ್ಲ. ಸ್ಕೇಲು ಊರಿಕೊಂಡು ನಿಂತಿದ್ದೆ. ನೋಡಿದರೆ, ಅದರ ನೆರಳು ಸ್ಕೇಲಿಗಿಂತ ಉದ್ದ! ಹನ್ನೆರಡೂವರೆಯ ಎರಡಡಿ ಎಲ್ಲಿ, ಇದೆಲ್ಲಿ? ನಾನು ಉಂಡು ಮಲಗಿದ್ದಾಗ ಸೂರ್ಯ ಇಳಿದಿದ್ದ. ಕೋಲನ್ನು ಒಂದು ಹೊತ್ತಿನಲ್ಲಿ, ಮರವನ್ನು ಇನ್ನೊಂದು ಹೊತ್ತಿನಲ್ಲಿ ಅಳೆದಿದ್ದೆ. ಒಂಬತ್ತನೇ ಕ್ಲಾಸಿನವನು ಹೀಗೆ ಮಾಡಿದ್ದರೆ ಕಿವಿ ಹಿಂಡುತ್ತಿದ್ದೆ. ಅಯ್ಯೋ, ನನ್ನ ಬುದ್ಧಿಗಿಷ್ಟು! ಪಂಚೆ ಎತ್ತಿ ಕಟ್ಟಿ ಓಡಿದೆ.

ಮುನಿಯಪ್ಪ ಆಗಲೇ ಮೇಲೇರಿದ್ದ. ಒಂದು ಹಸಿ ಗರಿ ಕೆಳಗೆ ಬಿದ್ದಿತ್ತು.

"ಇಳೀರಪ್ಪೋ, ಇಳೀರಿ! ಲೆಕ್ಕ ತಪ್ಪಿದೀನಿ!" ಎಂದು ಕೂಗಿದೆ.

"ಏನ್ ಭಾವ ನೀವು!" ಎಂದ ಶಿವಣ್ಣ.

ಈ ಸಲ ಎರಡು ನೆರಳನ್ನೂ ಒಟ್ಟಿಗೇ ಅಳೆದೆವು. ಮರ ಮೂವತ್ತೇ ಅಡಿ. ಬಿದ್ದರೂ ಅಡುಗೆಮನೆಗೆ ಇನ್ನೂ ಆರಡಿ ಉಳಿಯುತ್ತದೆ. ಶಿವಣ್ಣ ಬುಡಕ್ಕೆ ಮಣ್ಣು ಏರಿಸತೊಡಗಿದ.

ಹೊರಡುವಾಗ ತಂಗಿಯನ್ನು ಕೇಳಿದೆ: "ಬೇಡ ಅಂತ ಒಂದ್ ಮಾತು ಹೇಳ್ಬಾರ್ದಿತ್ತೇನೇ?"

"ಲೆಕ್ಕ ಮಾಡಿದ್ದು ನೀನಲ್ವಾ ಅಣ್ಣ, ಅದಕ್ಕೇ ಸುಮ್ನಿದ್ದೆ" ಎಂದಳು.

ಐದು ಗಂಟೆಯ ಬಸ್ಸಿನ ಕಿಟಕಿಯಿಂದ ಹೆಂಚಿನ ಮನೆಗಳ ಮೇಲೆ ಆ ಮರ ಕಂಡಿತು, ಒಂದು ಗರಿ ಕಡಿಮೆ. ಮರೆಯಾಗುವವರೆಗೂ ತಿರುಗಿ ನೋಡುತ್ತಾ ಕೂತೆ.