ಆಲೆಮನೆಯಲ್ಲಿ ಒಂದು ಮಾದರಿ ಪಾಠ

ಗಾಣದ ಮೋಟಾರು ಮೊದಲು ಒಂದೆರಡು ಸಲ ಕೆಮ್ಮುತ್ತಿತ್ತು, ಆಮೇಲೆ ಕಬ್ಬು ಸೀಳುವ ಕರಕರ. ರಿಟೈರಾದ ಮೇಲೆ ಭಾರತೀನಗರದ ಹತ್ತಿರದ ಹೈಸ್ಕೂಲೊಂದರಲ್ಲಿ ನಾನು ಗೆಸ್ಟ್ ಟೀಚರಾಗಿ ಸೈನ್ಸ್ ಹೇಳಿಕೊಡುತ್ತಿದ್ದಾಗ ಕಿಟಕಿಯಾಚೆ ದಿನಾ ಅದೇ ಸದ್ದು. ಹಿಂದೆಯೇ ಬೆಲ್ಲದ ಘಮ. ಮಕ್ಕಳ ಮೂಗೆಲ್ಲ ಆ ಕಡೆ. ಕಣ್ಣು ಮಾತ್ರ, ಪೊಲೈಟ್ ಆಗಿ, ನನ್ನ ಕಡೆ.

ಪಾಠ ಮಕ್ಕಳ ಬದುಕಿಗೆ ಹತ್ತಿರವಿರಬೇಕು ಅಂತ ಆ ವರ್ಷ ಸುತ್ತೋಲೆ ಬಂತು. ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಮೈಸೂರಿನ ಏಪ್ರಿಲ್ ಸೆಕೆಯಲ್ಲಿ 'ಎ ಸ್ನೋಯಿ ಮಾರ್ನಿಂಗ್' ಅಂತ ಎಸ್ಸೇ ಬರೆಸಿದವರು. ಬೆವರು ಒರೆಸಿಕೊಳ್ಳುತ್ತ ಹಿಮದ ಮೇಲೆ ಬರೆದು ಪ್ರೈಜು ಹೊಡೆದವಳು ನಾನು. ಸ್ಟಾಫ್ ರೂಮಿನಲ್ಲಿ ಅದರ ಬಗ್ಗೆ ಬಾಯಿಬಿಡಲಿಲ್ಲ.

ನನ್ನ ಚಿಂತೆ ಬೇರೆ ಇತ್ತು. ಹತ್ತನೇ ಕ್ಲಾಸಿನ ಒಬ್ಬ ಹುಡುಗಿ ತಿಂಗಳಿಂದ ಬಂದಿರಲಿಲ್ಲ. ಇನ್ನು ಸ್ವಲ್ಪ ದಿನ ತಪ್ಪಿದರೆ ಹಾಜರಿ ಸಾಲದೆ ಹಾಲ್ ಟಿಕೆಟ್ ಸಿಗುವುದಿಲ್ಲ. ಆ ಗಾಣ ಅವಳಪ್ಪನದೇ. ಪಾಕದ ಹದ ನೋಡುವ ಆಳು ಮಳವಳ್ಳಿ ಕಡೆ ಹೊರಟುಹೋಗಿದ್ದ. ಆ ಜಾಗದಲ್ಲಿ ಇವಳು ನಿಂತಿದ್ದಳು. ಸ್ಕೂಲಿಗೆ ಕಳಿಸಿ ಅಂತ ಕೇಳಲು ಹೋದೆ.

"ಆಲೆ ಆಡೋ ಕಾಲ್ದಲ್ಲಿ ಇಸ್ಕೂಲಾ?" ಅಂದ ಅಪ್ಪ. "ಅಷ್ಟೊಂದು ಆಸೆ ಇದ್ರೆ ನೀವೇ ಇಲ್ಲಿಗ್ ಬಂದು ಯೋಳ್ಕೊಡಿ ಕಣಮ್ಮ!"

ಅವನು ಅಂದದ್ದು ಕುಚೋದ್ಯಕ್ಕೆ. ನಾನು ಐಡಿಯಾ ಅಂತ ಹಿಡಿದುಕೊಂಡೆ. ಕ್ಲಾಸನ್ನೇ ಅಲ್ಲಿಗೆ ಸಾಗಿಸಿದರೆ ಇವಳಿಗೆ ಹಾಜರಿಯೂ ಸಿಕ್ಕೀತು. ಸುತ್ತೋಲೆಗೆ ತಕ್ಕ ಮಾದರಿ ಪಾಠ ಅಂತ ಮಂಡ್ಯದ ಟ್ರೈನಿಂಗ್ ಆಫೀಸರನ್ನೂ ಕರೆದೆ.

ಆಲೆಮನೆಗೆ ಬಂದವರನ್ನು ಬರಿಬಾಯಲ್ಲಿ ಕಳಿಸುವ ಪದ್ಧತಿ ಇಲ್ಲ. ಆವಿಯಾಗುವಿಕೆ ಎಂಬ ನನ್ನ ಪಾಠ ಶುರುವಾಗುವಷ್ಟರಲ್ಲಿ ಆಫೀಸರು ಮೂರು ಲೋಟ ಕಬ್ಬಿನ ಹಾಲು, ಅಂಗೈ ತುಂಬ ಬಿಸಿ ಬೆಲ್ಲ ಮುಗಿಸಿ ಬಹಳ ಎಂಗೇಜ್ ಆಗಿದ್ದರು. ಹುಡುಗಿ ಕುದಿಯುವ ಕೊಪ್ಪರಿಗೆಯಿಂದ ಪಾಕ ಎತ್ತಿ, ತಣ್ಣೀರಿಗೆ ಬಿಟ್ಟು, ಉಂಡೆ ಮಾಡಿ ತಟ್ಟೆಗೆ ಬಡಿದಳು.

"ಟಣ್ ಅಂತು ಅಂದ್ರೆ ಇಳಿಸ್ಬುಡ್ಬೇಕು ಸಾ. ಒಂದ್ ಗಳಿಗೆನೂ ಕಾಯಂಗಿಲ್ಲ."

"ಸೂಪರ್! ಮೊಬೈಲಲ್ಲಿ ವಿಡಿಯೋ ಆನ್ ಆಗಿರ್ಲಿಲ್ಲ, ಇನ್ನೊಂದ್ಸಲ ಮಾಡಮ್ಮ," ಅಂದರು ಆಫೀಸರು. ಆಮೇಲೆ ಬೆಳಕು ಸರಿಯಿರಲಿಲ್ಲ. ಆಮೇಲೆ ಯಾರದೋ ತಲೆ ಅಡ್ಡ ಬಂತು.

"ಮಿಸ್, ಸೀಯ್ತದೆ..." ಅಂತ ನನ್ನ ಮುಖ ನೋಡಿದಳು.

"ಜಸ್ಟ್ ಒನ್ಸ್ ಮೋರ್, ಪುಟ್ಟಾ," ಅಂದೆ. ನಾನೇ ಅಂದೆ.

ಸೀದ ಪಾಕದ ಹೊಗೆಗೆ ಅಪ್ಪ ಓಡಿ ಬಂದ. "ಏನ್ ಮೇಡಮ್ಮೋರೆ, ಯೋಳ್ಕೊಡಕ್ ಬಂದ್ರಾ, ನಮ್ಮ ಒಂದಿನದ್ ಕೆಲ್ಸ ಸುಡಕ್ ಬಂದ್ರಾ? ಇನ್ನು ಇಸ್ಕೂಲ್ ಮಾತೆತ್ತಿದ್ರೆ ಸುಮ್ಕಿರಲ್ಲ!"

ಆದರೂ ಆ ಒಂದು ದಿನದ ಹಾಜರಿಯಾದರೂ ಸಿಗಲಿ ಅಂತ ಹೆಡ್‌ಮಾಸ್ಟರ ಮುಂದೆ ನಿಂತೆ. ಅವರು ರಿಜಿಸ್ಟರು ತಿರುಗಿಸಿ ತೋರಿಸಿದರು. ಹೊರಸಂಚಾರದ ದಿನ ಹಾಜರಿ ಬೆಳಗ್ಗೆ ಸ್ಕೂಲಿನ ಪ್ರೇಯರಿನಲ್ಲಿ ಇದ್ದವರಿಗೆ ಮಾತ್ರ. ತನ್ನದೇ ಆಲೆಮನೆಯಲ್ಲಿ ನಡೆದ ಪಾಠಕ್ಕೆ ಅವಳು ಆಬ್ಸೆಂಟ್. ಹಾಲ್ ಟಿಕೆಟ್ ಬರಲಿಲ್ಲ. ಪರೀಕ್ಷೆ ಮುಗಿಯುವ ಹೊತ್ತಿಗೆ ಅವಳನ್ನು ಮದ್ದೂರಿನ ಹತ್ತಿರದ ಸೋದರತ್ತೆ ಮನೆಗೆ, ಅಲ್ಲಿನ ಆಲೆ ಕೆಲಸಕ್ಕೆ ಕಳಿಸಿದರು. ಕ್ಷಮೆ ಕೇಳಲು ಎರಡು ಸಲ ಬಸ್ ಹತ್ತಿ ಹೋದೆ. ಸಿಗಲಿಲ್ಲ, ಸಿಗಲು ಒಪ್ಪಲಿಲ್ಲವೋ ಏನೋ.

ಅವಳನ್ನು ಕೊನೆಯ ಸಲ ನೋಡಿದ್ದು ಮಂಡ್ಯದ ಟೀಚರ್ಸ್ ಟ್ರೈನಿಂಗಿನಲ್ಲಿ, ಗೋಡೆಯ ಮೇಲೆ. ಪ್ರೊಜೆಕ್ಟರಿನ ಬೆಳಕಲ್ಲಿ ಸೌಟು ಎತ್ತಿ ಹಿಡಿದು, ಇಳಿಸಲೋ ಬೇಡವೋ ಅಂತ ನಮ್ಮೆಲ್ಲರನ್ನೂ ನೋಡುತ್ತಿದ್ದಳು. "ನೋಡಿ, ಕಲಿಕೆಯಲ್ಲಿ ಎಷ್ಟು ತನ್ಮಯತೆ!" ಅಂದರು ಆಫೀಸರು. ಅಪ್ಪ ಓಡಿ ಬರುವ ಮುಂಚೆಯೇ ವಿಡಿಯೋ ಕತ್ತರಿಸಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು.