ಸಿಳ್ಳೆ ಹಾಕಿ ಬಾಗಿಲು ತೆರೆಯುತ್ತಿದ್ದವರು

ಇವತ್ತು ಬೆಳಿಗ್ಗೆ ಯಾರೋ ನಾಯಿಯನ್ನು ಕರೆಯಲು ಎರಡು ಸಲ ಉದ್ದಕ್ಕೆ ಸಿಳ್ಳೆ ಹಾಕಿದರು. ಕಾಫಿ ಲೋಟ ಹಿಡಿದು ಕಿಟಕಿಯ ಬಳಿ ನಿಂತಿದ್ದ ನಾನು ತಟ್ಟನೆ ಪಕ್ಕದ ಮನೆಯ ಬಾಗಿಲು ನೋಡಿದೆ. ಅಲ್ಲಿ ಹಾಗೆ ಸಿಳ್ಳೆ ಹಾಕುತ್ತಿದ್ದವರು ತೀರಿಕೊಂಡು ಎಷ್ಟೋ ವರ್ಷವಾಯಿತು. ನನ್ನ ಕಿವಿಗೆ ಮಾತ್ರ ಇನ್ನೂ ಸುದ್ದಿ ತಲುಪಿಲ್ಲ ನೋಡಿ.

ನಾವು ಅಮೆರಿಕದ ಹೇವರ್ಡಿಗೆ ಬಂದ ಹೊಸದರಲ್ಲಿ ಪಕ್ಕದ ಮನೆಯ ಮಿರಿಯಂ ಅವರ ತಂದೆ ಇನ್ನೂ ಇದ್ದರು. ಸದಾ ಇಸ್ತ್ರಿ ಮಾಡಿದ ಅಂಗಿ, ಕಡಿಮೆ ಮಾತು. ಹೊರಗೆ ಹೋಗಿ ಬಂದರೆ ಮೊದಲು ಎರಡು ಸಿಳ್ಳೆ, ಆಮೇಲೆ ಬೀಗದ ಕೈ. ಹೆಂಗಸರಿರುವ ಮನೆಗೆ ಸದ್ದು ಮಾಡಿ ಬರುವ ಸಭ್ಯತೆ ಇದು ಎಂದು ನಾನೇ ಒಂದು ಕಾರಣ ಕಟ್ಟಿ, 'ನೋಡಿ ಕಲಿಯಿರಿ' ಎಂದು ನನ್ನ ಗಂಡನಿಗೆ ಉಪದೇಶವನ್ನೂ ಮಾಡಿದ್ದೆ.

ಅವರು ಪೋಲೆಂಡಿನ ಯಹೂದಿ. ಮನೆಯವರನ್ನೆಲ್ಲ ನಾಝಿಗಳು ಕೊಂದಾಗ ಉಳಿದುಕೊಂಡ ಹುಡುಗ. ಮಕ್ಕಳಿಗೆ ಗೊತ್ತಿದ್ದದ್ದು ಅಷ್ಟೇ. ಕೇಳಿದರೆ, "ಅದೆಲ್ಲ ಆಗಿಹೋಯ್ತು, ಊಟ ಮಾಡಿ" ಅನ್ನುತ್ತಿದ್ದರಂತೆ. ಅವರು ಹೋದ ಮೇಲೆ, ಒಮ್ಮೆ ಅವರ ಬಾಯಿಂದ ಜಾರಿದ್ದ ಹಳ್ಳಿಯ ಹೆಸರೊಂದನ್ನು ಹಿಡಿದು ಮಿರಿಯಂ ಹುಡುಕಲು ಹೊರಟರು. ತಮ್ಮ ಡೇನಿಯಲ್‌ಗೆ ಇದು ಸರಿಬರಲಿಲ್ಲ. "ಅಪ್ಪ ಮುಚ್ಚಿಟ್ಟಿದ್ದನ್ನ ತೆಗೆಯೋಕೆ ನಾವ್ಯಾರು?" ಎಂದವರು ಅಕ್ಕನ ಮನೆಗೆ ಬರುವುದನ್ನೇ ಬಿಟ್ಟರು.

ಕೊನೆಗೆ ಮಿರಿಯಂ ಇಂಟರ್ನೆಟ್ಟಿನಲ್ಲಿ ಹಾಕಿದ್ದ ಪ್ರಶ್ನೆಗೆ ಆ ಹಳ್ಳಿಯ ಹುಡುಗಿಯೊಬ್ಬಳು ಉತ್ತರಿಸಿದಳು: ಅವಳ ಅಜ್ಜಿಯ ಮನೆಯವರು ಯುದ್ಧಕಾಲದಲ್ಲಿ ಒಬ್ಬ ಯಹೂದಿ ಹುಡುಗನನ್ನು ಬಚ್ಚಿಟ್ಟಿದ್ದರು. ವೀಡಿಯೋ ಕಾಲ್‌ಗೆ ದಿನ ಗೊತ್ತಾಯಿತು. ಒಬ್ಬರೇ ಕೂರಲು ಧೈರ್ಯ ಸಾಲದೆ ಮಿರಿಯಂ ನನ್ನನ್ನು ಕರೆದರು. "ಅವರ ಮನೆ ವಿಷಯ ಮಾರಾಯ್ತಿ, ನಿಂಗ್ಯಾಕೆ?" ಎಂದರು ನನ್ನ ಗಂಡ. ಬರಿಗೈಯಲ್ಲಿ ಹೋಗುವುದು ಹೇಗೆಂದು ಗೋಳಿಬಜೆ ಕರಿದುಕೊಂಡು ಹೋದೆ.

ಪರದೆಯ ಮೇಲೆ ತಲೆಗೆ ವಸ್ತ್ರ ಕಟ್ಟಿದ ಅಜ್ಜಿ. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಹೇಳಲು ಮೊಮ್ಮಗಳು.

"ಕೊಟ್ಟಿಗೆ ಅಟ್ಟದ ಮೇಲೆ, ಹುಲ್ಲಿನ ಹಿಂದೆ ಇರ್ತಿದ್ದ. ಅಪಾಯ ಇಲ್ಲ ಅಂತಾದ್ರೆ ನಮ್ಮಮ್ಮ ಅಂಗಳದಿಂದ ಹೀಗೆ ಮಾಡ್ತಿದ್ರು." ಅಜ್ಜಿ ಬೊಚ್ಚುಬಾಯಿ ಮುಂದೆ ಮಾಡಿ ಸಿಳ್ಳೆ ಹಾಕಿದರು. ಎರಡು ಸಲ, ಉದ್ದಕ್ಕೆ.

ಮಿರಿಯಂ ನನ್ನ ಮಣಿಕಟ್ಟು ಹಿಡಿದುಕೊಂಡರು. "ನಾವು ನಗ್ತಿದ್ವಿ. ಫ್ರೆಂಡ್ಸ್ ಮುಂದೆ ನಾಚಿಕೆ ಆಗ್ತಿತ್ತು. ಭಯ ಇಲ್ಲ, ಹೊರಗೆ ಬನ್ನಿ ಅಂತ ಅಪ್ಪ ನಮಗೆ ದಿನಾ ಹೇಳ್ತಿದ್ದಿದ್ದು."

ಆಗಲೇ ತಮ್ಮನಿಗೆ ಫೋನ್ ಮಾಡಿ "ಬಾ" ಎಂದಷ್ಟೇ ಅಂದರು. ಪೋಲೆಂಡಿನಲ್ಲಿ ಆಗ ಸಂಜೆ. ಸೂಪು ಕುಡಿದು ಬರುತ್ತೇನೆ, ಅವನೂ ಬರಲಿ ಎಂದರು ಅಜ್ಜಿ. ಡೇನಿಯಲ್ ಬೆರ್ರಿಯೆಸಾದ ತಮ್ಮ ಮನೆಯಿಂದ ಫ್ರೀವೇಯಲ್ಲಿ ಬಂದು ಜಾಕೆಟ್ಟೂ ಕಳಚದೆ ಗೋಡೆಗೊರಗಿ ನಿಂತರು. ಅಜ್ಜಿ ಮತ್ತೊಮ್ಮೆ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಇನ್ನು ಮನೆಯವರ ಸಾವಿನ ಬಗ್ಗೆ ಕೇಳುತ್ತಾರೆಂದು ನಾನು ಹೆದರಿದ್ದೆ. ಅವರು ಕೇಳಿದ್ದು ಬೇರೆ.

"ಅಪ್ಪ ತಂಟೆ ಮಾಡ್ತಿದ್ರಾ?"

ಅಜ್ಜಿ ಎರಡೂ ಕೈ ಎತ್ತಿಬಿಟ್ಟರು. "ತಂಟೆಯಾ! ನನ್ನ ಗೊಂಬೆನ ಕೋಳಿ ಗೂಡಲ್ಲಿಟ್ಟು, ಕಾವು ಕೊಟ್ರೆ ಮರಿಯಾಗುತ್ತೆ ಅಂತ ನಂಬಿಸಿದ. ನಾನು ದಿನಾ ಹೋಗಿ ನೋಡ್ತಿದ್ದೆ!"

ಡೇನಿಯಲ್ ನಕ್ಕರು. ನಗುತ್ತಲೇ ಅಕ್ಕನ ಪಕ್ಕ ಕುಸಿದು ಕೂತರು. ತಂದೆ ಬಾಯ್ತುಂಬ ನಕ್ಕಿದ್ದನ್ನೇ ಕಾಣದ ಮಕ್ಕಳವು. ನೋವು ಅವರ ಮನೆಯಲ್ಲಿ ಹೇಳದೆಯೂ ಇತ್ತು. ಇಲ್ಲದಿದ್ದದ್ದು ಈ ತುಂಟ ಹುಡುಗ. "ಇನ್ನೇನು ಮಾಡ್ತಿದ್ರು? ಇನ್ನೂ ಹೇಳಿ" ಎಂದು ತಲೆ ನರೆತ ಆ ಮನುಷ್ಯ ಪರದೆಯ ಹತ್ತಿರ ಹತ್ತಿರ ಜರುಗುತ್ತಿದ್ದರು. ನಾನು ಬಜೆಯ ಡಬ್ಬಿ ಅಲ್ಲೇ ಬಿಟ್ಟು ಮೆಲ್ಲಗೆ ಎದ್ದು ಬಂದೆ.

ಇಷ್ಟು ನೆನೆಯುವಷ್ಟರಲ್ಲಿ ಕಾಫಿ ಆರಿತ್ತು. ಉಡುಪಿಗೆ ಫೋನ್ ಹಚ್ಚಿದೆ. ಅಮ್ಮನೊಡನೆ ನನ್ನ ಮಾತು ಸಾಮಾನ್ಯವಾಗಿ ಬಿ.ಪಿ. ಮಾತ್ರೆ, ಸೆಕೆ, ಇಷ್ಟಕ್ಕೇ ಮುಗಿಯುತ್ತದೆ. ಅಪ್ಪ ಹೋದ ಮೇಲೆ ಅವರ ಸುದ್ದಿಯನ್ನು ಇಬ್ಬರೂ ಜೋಪಾನವಾಗಿ ತಪ್ಪಿಸಿ ಮುಂದೆ ಹೋಗುತ್ತೇವೆ.

"ಅಮ್ಮ, ಅಪ್ಪ ಸಣ್ಣವರಿರುವಾಗ ಹೇಗಿದ್ರಂತೆ? ತಂಟೆ ಮಾಡ್ತಿದ್ರಂತಾ?"

"ಈಗೆಂತಕ್ಕೆ ನಿಂಗೆ ಅದು?"

ಕೇಳಬಾರದಿತ್ತೇನೋ ಅಂದುಕೊಂಡೆ. ಅಷ್ಟರಲ್ಲಿ ಆ ಕಡೆ ಅಮ್ಮ ನಕ್ಕದ್ದು, ಕುರ್ಚಿ ಎಳೆದದ್ದು ಕೇಳಿಸಿತು.

"ಇರು, ಕೂತ್ಕೊಳ್ತೇನೆ. ಉದ್ದ ಉಂಟು."