ಕ್ರೀಮಕ್ಕ ಉಬ್ಬಿಸಿದ ನಕ್ಷತ್ರಗಳು

ಬೇಕರಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಮಾಲೀಕನಿಂದ ಹಿಡಿದು ಹಾಲು ಹಾಕುವವನವರೆಗೆ ಎಲ್ಲರಿಗೂ ಅವಳು ಕ್ರೀಮಕ್ಕ. ಅವಳು ಕ್ರೀಮು ಹಿಂಡಿ ಗುಲಾಬಿ ಅರಳಿಸುವುದನ್ನು ನೋಡಲೆಂದೇ ಕೆಲವರು ಗಾಜಿನಾಚೆ ನಿಂತುಬಿಡುತ್ತಾರೆ. ಊರಿನ ಅರ್ಧ ಮಕ್ಕಳ ಹುಟ್ಟುಹಬ್ಬದ ಕೇಕಿನ ಮೇಲೆ ಹೆಸರು ಬರೆದದ್ದು ಅವಳೇ. ಅವಳ ಹುಟ್ಟುಹಬ್ಬ ಯಾವತ್ತು ಎಂದು ಮಾತ್ರ ಯಾರೂ ಕೇಳಿದವರಿಲ್ಲ. ಅಣ್ಣನ ಮನೆಯ ಮೂಲೆಯ ಕೋಣೆಯಲ್ಲೇ ವಯಸ್ಸು ನಲವತ್ತರ ಹತ್ತಿರ ಬಂದಿತ್ತು. ಇನ್ನು ಇವಳಿಗೆ ಮದುವೆಯ ಮಾತಿಲ್ಲ ಎಂದು ನೆಂಟರು ಕೈತೊಳೆದುಕೊಂಡಿದ್ದಾಗ, ಬಸ್ ಡಿಪೋದ ಮೆಕ್ಯಾನಿಕ್ ಒಬ್ಬ ಮಗಳಿಗೆ ಕೇಕು ಕೊಳ್ಳಲು ಬಂದ. ಬಂದವನು ಮತ್ತೆ ಮತ್ತೆ ಬರತೊಡಗಿದ. ಇಷ್ಟೊಂದು ಕೇಕು ತಿನ್ನುವ ಮನೆ ಯಾವುದಪ್ಪಾ ಎಂದು ಮಾಲೀಕನೇ ಮೂಗಿನ ಮೇಲೆ ಬೆರಳಿಟ್ಟ.

ಮೆಕ್ಯಾನಿಕ್‌ನ ಮೊದಲ ಹೆಂಡತಿ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಮನೆಯಲ್ಲಿದ್ದವರು ಅವನ ತಾಯಿ ಮತ್ತು ಒಂಬತ್ತು ವರ್ಷದ ಮಗಳು. ತಟ್ಟೆಯಲ್ಲಿದ್ದುದನ್ನು ಹೆಕ್ಕಿ ಹೆಕ್ಕಿ ತಿನ್ನುತ್ತಾಳೆಂದು ಹುಡುಗಿಗೆ ಗುಬ್ಬಿ ಎಂದೇ ಹೆಸರು ಬಿದ್ದಿತ್ತು. ಮದುವೆಯಾಗಿ ಬಂದ ಕ್ರೀಮಕ್ಕನ ಜೊತೆ ಗುಬ್ಬಿ ಜಗಳವಾಡಲಿಲ್ಲ, ರಂಪ ಮಾಡಲಿಲ್ಲ. ಮಾಡಿದ್ದರೆ ಎಷ್ಟೋ ವಾಸಿಯಿತ್ತು. ಮನೆಗೆ ಬಂದ ನೆಂಟರಿಗೆ ತೋರುವಂಥ ಮರ್ಯಾದೆ ತೋರಿಸಿದಳು. ಜಡೆ ಹಾಕಲಾ ಎಂದರೆ, "ಬೇಡ, ಅಜ್ಜಿ ಹಾಕ್ತಾರೆ." ರಸ್ತೆ ದಾಟುವಾಗ ಕ್ರೀಮಕ್ಕ ಕೈ ಚಾಚಿದರೆ, ಶಾಲೆಯ ಚೀಲವನ್ನು ಆ ಬದಿಗೆ ಬದಲಾಯಿಸಿಕೊಳ್ಳುತ್ತಿದ್ದಳು. ಬಂದು ಇಷ್ಟು ತಿಂಗಳಾದರೂ ಹುಡುಗಿ ತಾನಾಗಿ ಒಮ್ಮೆಯೂ ಅವಳನ್ನು ಮುಟ್ಟಿರಲಿಲ್ಲ. "ಮಲತಾಯಿ ಅಂದ್ಮೇಲೆ ಇನ್ನೇನು" ಎಂದು ಲೊಚಗುಟ್ಟುವ ನೆರೆಯವರಿಗೆ ಬೇರೆ ಕೆಲಸವಿಲ್ಲ ಬಿಡಿ. ಆದರೆ ಕ್ರೀಮಕ್ಕನಿಗೂ ಒಳಗೊಳಗೇ ಭಯವಿತ್ತು. ಇಲ್ಲೂ ತಾನು ಯಾರಿಗೂ ಏನೂ ಆಗದೆ ಉಳಿದುಬಿಟ್ಟರೆ?

ಕ್ರಿಸ್‌ಮಸ್ ಹತ್ತಿರ ಬಂತು. ಅಟ್ಟದಿಂದ ಪ್ಲಾಸ್ಟಿಕ್ ಮರ ಇಳಿಯಿತು, ಅದರ ಜೊತೆ ಒಂದು ಶೂ ಡಬ್ಬಿಯೂ ಇಳಿಯಿತು. ಗುಬ್ಬಿಯ ಅಮ್ಮ ಮೈದಾ ಮತ್ತು ಉಪ್ಪು ಕಲಸಿ, ಒಣಗಿಸಿ, ಬಣ್ಣ ಹಚ್ಚಿದ್ದ ನಕ್ಷತ್ರ, ಗಂಟೆ, ದೇವದೂತರೆಲ್ಲ ಅದರಲ್ಲಿದ್ದರು. ಇದ್ದರು ಎನ್ನಬೇಕಷ್ಟೆ. ಸೂರು ಸೋರಿ ಡಬ್ಬಿಯೊಳಗೆ ನೀರಿಳಿದು ಎಲ್ಲವೂ ಕರಗಿ ಒಂದೇ ಮುದ್ದೆಯಾಗಿತ್ತು. ಗುಬ್ಬಿ ಮುಚ್ಚಳ ಮುಚ್ಚಿ, "ಈ ಸಲ ಮರ ಬೇಡ" ಎಂದಳು.

ಕ್ರೀಮಕ್ಕ ಆ ಡಬ್ಬಿಯನ್ನು ಮತ್ತೆ ತೆರೆದು ನೋಡಿದಳು. ಮೈದಾ ತಾನೇ, ಅದರಲ್ಲೇ ತಾನೇ ತಾನು ಇಷ್ಟು ವರ್ಷ ಬದುಕಿದ್ದು! ಮರುದಿನ ಬೇಕರಿಯ ಕೆಲಸ ಮುಗಿದ ಮೇಲೆ ಮೈದಾ ಜರಡಿ ಹಿಡಿದಳು, ಉಪ್ಪು ಸೇರಿಸಿ ಕಲಸಿದಳು, ಅಚ್ಚೊತ್ತಿ ದಾರಕ್ಕೆ ತೂತು ಮಾಡಿ ಓವನ್ನಿಗೆ ತಳ್ಳಿದಳು. ಹುಡುಗಿಗೆ ಹೇಳಲೂ ಇಲ್ಲ, ಅವಳನ್ನು ಕೇಳಲೂ ಇಲ್ಲ. ತಂದು ಮುಂದಿಟ್ಟಾಗ ಅವಳ ಮುಖ ಅರಳುವುದನ್ನು ನೋಡುವ ಆಸೆ. ಓವನ್ನಿನ ಬಾಗಿಲು ತೆಗೆದಾಗ ಕ್ರೀಮಕ್ಕನ ಮುಖವೇ ಇಂಗು ತಿಂದ ಮಂಗನ ಹಾಗಾಯಿತು. ನಕ್ಷತ್ರಗಳು ಮೂಲೆಗಳನ್ನೆಲ್ಲ ಕಳೆದುಕೊಂಡು ಬನ್ನಿನ ಹಾಗೆ ಉಬ್ಬಿ ಕೂತಿದ್ದವು. ದೇವದೂತನ ಕೆನ್ನೆ ಹಲ್ಲುನೋವು ಬಂದವನ ಕೆನ್ನೆಯಂತೆ ಊದಿತ್ತು. ತೂತುಗಳೆಲ್ಲ ಮುಚ್ಚಿಹೋಗಿದ್ದವು. ಬೇಕಿಂಗ್ ಪೌಡರ್! ಮೈದಾ ಜರಡಿಯಿಂದ ಇಳಿದರೆ ಸಾಕು, ಬಲಗೈ ಅವಳನ್ನು ಕೇಳದೆಯೇ ಆ ಪೌಡರಿನ ಡಬ್ಬಿಗೆ ಹೋಗಿಬಿಡುತ್ತದೆ. ಇಷ್ಟು ವರ್ಷ ಅನ್ನ ಹಾಕಿದ ಅಭ್ಯಾಸ ಇವತ್ತು ಕೈಕೊಟ್ಟಿತ್ತು.

ಎಸೆದುಬಿಡಬೇಕಿತ್ತು, ಮನಸ್ಸು ಬರಲಿಲ್ಲ. ಬಣ್ಣ ಬಿದ್ದರೆ ಎಲ್ಲ ಸರಿಹೋಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಬಣ್ಣ ಹಚ್ಚಿ, ಕೇಕಿನ ಪೆಟ್ಟಿಗೆಯಲ್ಲಿಟ್ಟು ರಿಬ್ಬನ್ ಕಟ್ಟಿ ಮನೆಗೆ ತಂದಳು.

ಮೆಕ್ಯಾನಿಕ್ ಪೆಟ್ಟಿಗೆಯೊಳಗೆ ಇಣುಕಿದ. "ಏನಿವು? ಗಾಳಿ ಜಾಸ್ತಿ ಹೊಡೆದ್ಬಿಟ್ಯಾ?" ಎಂದು ಗಹಗಹಿಸಿ ನಕ್ಕ. ಯಾವಾಗ ನಗಬೇಕು ಎಂಬುದನ್ನು ಈ ಗಂಡಸರಿಗೆ ಯಾರೂ ಕಲಿಸುವುದಿಲ್ಲ.

ಗುಬ್ಬಿ ನಗಲಿಲ್ಲ. "ಅಂಗಡೀಲಿ ಸಿಗೋ ಥರಾನೇ ಇವೆ. ಚೆನ್ನಾಗಿವೆ. ಥ್ಯಾಂಕ್ಸ್" ಎಂದು ಹೇಳಿ ಒಳಗೆ ಹೋದಳು.

ಕ್ರೀಮಕ್ಕ ಅಡುಗೆಮನೆಗೆ ಹೋಗಿ, ಸದ್ದು ಕೇಳಿಸದಿರಲೆಂದು ನಲ್ಲಿ ಬಿಟ್ಟುಕೊಂಡು ಅತ್ತಳು. ಹಿಂದೆಯೇ ಬಂದ ಅತ್ತೆ ಮೊದಲು ನಲ್ಲಿ ನಿಲ್ಲಿಸಿದರು. ಯಾರು ಅಳುತ್ತಿದ್ದರೂ ಅವರಿಗೆ ನೀರು ಪೋಲಾಗುವುದು ಆಗಿಬರುವುದಿಲ್ಲ.

"ಅವಳಮ್ಮ ಯಾವತ್ತಾದ್ರೂ ಇವನ್ನ ಒಬ್ಳೇ ಕೂತು ಮಾಡಿದ್ಲು ಅಂದ್ಕೊಂಡ್ಯಾ?" ಎಂದರು. "ಈ ಮಗು ಪಕ್ಕದಲ್ಲಿಲ್ದೆ ಹಿಟ್ಟಿಗೆ ಕೈ ಹಾಕ್ತಿರ್ಲಿಲ್ಲ. ನೀನು ಪೆಟ್ಟಿಗೆ ಕಟ್ಟಿ ತಂದ್ಕೊಡೋಕೆ ಅವಳೇನು ಗಿರಾಕಿನಾ? ಹೋಗಿ ಕೇಳು ಅವಳನ್ನ."

ಭಾನುವಾರ ಬೆಳಿಗ್ಗೆ ಕ್ರೀಮಕ್ಕ ಮೈದಾ, ಉಪ್ಪು, ಒಂದು ಬೇಸಿನ್ನು ತಂದು ಗುಬ್ಬಿಯ ಮುಂದಿಟ್ಟಳು. "ಇದು ನನಗೆ ಬರಲ್ಲ ಕಣೇ. ಅಭ್ಯಾಸಬಲಕ್ಕೆ ಬೇಕಿಂಗ್ ಪೌಡರ್ ಹಾಕಿಬಿಟ್ಟೆ, ಎಲ್ಲಾ ಉಬ್ಬಿಹೋದ್ವು. ನೀನು ಹೇಳ್ಕೊಟ್ರೆ ಮಾಡ್ತೀನಿ." ಬೇಕರಿಯವರು ಕೇಳಿದ್ದರೆ ತಮ್ಮ ಕಿವಿಯನ್ನೇ ನಂಬುತ್ತಿರಲಿಲ್ಲ.

ಗುಬ್ಬಿ ಬೇಸಿನ್ನನ್ನು ತನ್ನ ಕಡೆ ಎಳೆದುಕೊಂಡು ಒಳಗೆ ಇಣುಕಿದಳು. "ಆ ಪೌಡರ್ ಎಲ್ಲಿದೆ?"

"ಅಂಗಡೀಲೇ ಬಿಟ್ಟು ಬಂದೆ."

"ಸರಿ. ಹಾಗಾದ್ರೆ ಕಲಸಿ."

ಕ್ರೀಮಕ್ಕ ಕಲಸಿದಳು. ಸಾಕಾ ಎಂದು ಕೇಳಿದಳು.

"ನೋಡ್ಬೇಕು. ಕಿವಿ ಹಾಲೆ ಥರ ಮೆತ್ತಗಾಗ್ಬೇಕು. ಒಂದು ಕೈಲಿ ಕಿವಿ, ಇನ್ನೊಂದು ಕೈಲಿ ಹಿಟ್ಟು ಹಿಸುಕೋದು. ಎರಡೂ ಒಂದೇ ಥರ ಇದ್ರೆ ಆಯ್ತು ಅಂತ."

ಗುಬ್ಬಿಯ ಕೈ ಮೊದಲು ಅಜ್ಜಿಯ ಕಿವಿಗೆ ಹೋಯಿತು. ಭಾರದ ಓಲೆ ಹಾಕಿ ಹಾಕಿ ಅದು ಜೋತುಬಿದ್ದಿತ್ತು. "ಅಜ್ಜೀದು ಲೆಕ್ಕಕ್ಕಿಲ್ಲ." ಆಮೇಲೆ ಅಪ್ಪನ ಕಿವಿ ಹಿಡಿದಳು, ಬೆರಳಿಗೆ ಗ್ರೀಸು ಹತ್ತಿತು. "ಥೂ ಅಪ್ಪಾ! ಟಯರ್ ಥರ ಇದೆ."

"ನಿಂದೇ ನೋಡ್ಕೊಳೇ" ಎಂದ ಅಪ್ಪ.

"ನಂದಲ್ಲ." ಗುಬ್ಬಿಯ ದನಿ ಸಣ್ಣಗಾಯಿತು. "ಅಮ್ಮಂದು ನೋಡ್ತಿದ್ದೆ."

ಮೆಕ್ಯಾನಿಕ್ ಮರದ ಕೊಂಬೆಗಳನ್ನು ನೇರ ಮಾಡುವವನಂತೆ ಅತ್ತ ತಿರುಗಿಕೊಂಡ. ನನ್ನದು ನೋಡು ಎನ್ನುವ ಆಸೆ ಕ್ರೀಮಕ್ಕನಿಗೆ. ಆದರೆ ಬೇಡ ಎಂದುಬಿಟ್ಟರೆ ತಡೆದುಕೊಳ್ಳುವ ಶಕ್ತಿ ತನಗಿಲ್ಲವೆಂದು ಅವಳಿಗೆ ಗೊತ್ತಿತ್ತು. ತಲೆ ತಗ್ಗಿಸಿ ನಾದುತ್ತ ಕೂತಳು.

ತಣ್ಣನೆಯ ಎರಡು ಬೆರಳು ಅವಳ ಎಡಗಿವಿಗೆ ತಾಗಿದವು. ಮೊದಲು ಬರೀ ತಾಗಿದವು, ಆಮೇಲೆ ಮೆಲ್ಲಗೆ ಹಿಸುಕಿದವು. ಗುಬ್ಬಿಯ ಇನ್ನೊಂದು ಕೈ ಹಿಟ್ಟಿನ ಮೇಲಿತ್ತು. ಅವಳು ಕಣ್ಣು ಮುಚ್ಚಿಕೊಂಡಿದ್ದಳು.

"ಇನ್ನೂ ಗಟ್ಟಿ ಇದೆ. ಸ್ವಲ್ಪ ನೀರು ಹಾಕಿ."

ಕ್ರೀಮಕ್ಕ ನೀರು ಚಿಮುಕಿಸಿ ನಾದಿದಳು. ಬೆರಳುಗಳು ಮತ್ತೆ ಬಂದವು.

"ಈಗ ಸರಿ ಇದೆ" ಎಂದಳು ಗುಬ್ಬಿ.

ಸರಿ ಇರುವುದು ಕ್ರೀಮಕ್ಕನಿಗೂ ಗೊತ್ತಿತ್ತು. ಹಿಟ್ಟು ಹದಕ್ಕೆ ಬಂತೋ ಇಲ್ಲವೋ ಎಂದು ಅವಳ ಅಂಗೈಗೆ ಇನ್ನೊಬ್ಬರು ಹೇಳಿಕೊಡಬೇಕಾಗಿರಲಿಲ್ಲ. ಆದರೂ ಬೇಸಿನ್ನಿನಿಂದ ತಲೆಯೆತ್ತದೆ ಸುಳ್ಳು ಹೇಳಿದಳು: "ನನಗ್ಯಾಕೋ ಅನುಮಾನ. ಇನ್ನೊಂದ್ಸಲ ನೋಡೇ, ಗುಬ್ಬಿ."

ಗುಬ್ಬಿ ಮತ್ತೆ ಅವಳ ಕಿವಿ ಹಿಡಿದಳು.